ದಾಳ ಎರಡೂ ಇಲ್ಲೇ ಬಿಟ್ಟು ಹೋಗಿದ್ದೀಯ

ಪ್ರೀತಿಯ ಮಗಳೇ,

ಭಾನುವಾರ ರಾತ್ರಿ ನೀನು ಊಟ ಮಾಡದೆ ರೈಲು ಹತ್ತಿದೆ. ತಲುಪಿದೆ ಅಂತ ಒಂದು ಮೆಸೇಜ್ ಬಂತು, ಅಷ್ಟೇ. ಫೋನ್ ಮಾಡಿದರೆ ಮತ್ತೆ ಮಾತು ಬೆಳೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಜಗಲಿಯಲ್ಲಿ ಆದದ್ದು ಇಬ್ಬರಿಗೂ ಗೊತ್ತು. ದಾಳ ಎರಡೂ ಇಲ್ಲೇ ಬಿಟ್ಟು ಹೋಗಿದ್ದೀಯ. ನೀನೇ ಮಾಡಿದ ಆಟದ, ಅದೇ ಪಾತ್ರ ಹಿಡಿದು ಮನೆ ಪಾಲಾಗುವ ಕಥೆ ಕಟ್ಟುವ ಆಟದ, ನಿಯಮದ ಪುಸ್ತಕವನ್ನೂ.

ಪುಸ್ತಕ ಎರಡು ಸಲ ಓದಿದೆ. ಆಡುವ ಮೊದಲೇ ಓದಬೇಕಿತ್ತು. ಯಾವ ವಿಷಯ ಕಥೆಯಲ್ಲಿ ಬರಬಾರದು ಅಂತ ಮೊದಲೇ ಎಲ್ಲರನ್ನೂ ಕೇಳಿ ಅಂತ ನಾಲ್ಕನೇ ಪುಟದಲ್ಲೇ ಇದೆ. ನಡುವೆ ಇಡುವ ಎಕ್ಸ್ ಕಾರ್ಡ್ ವಿಷಯವೂ ಇದೆ. ಮುಟ್ಟಿದರೆ ಸಾಕು, ಕಾರಣ ಹೇಳಬೇಕಿಲ್ಲ, ಆ ಭಾಗ ಬಿಟ್ಟು ಮುಂದೆ ಹೋಗಬೇಕು. ಅದನ್ನು ಮಾಡಿದವರು ಜಾನ್ ಸ್ಟಾವ್ರೊಪೊಲೊಸ್ ಅಂತ ಹೆಸರನ್ನೂ ಹಾಕಿದ್ದೀಯ, ಒಳ್ಳೆಯದು ಮಾಡಿದೆ. ನೀನು ಕೇಳಲು ಹೊರಟಾಗ "ನಮ್ಮನಮ್ಮವರೇ ಅಲ್ವಾ, ಅದೆಲ್ಲ ಯಾಕೆ" ಅಂದವಳು ನಾನೇ. ಕಾರ್ಡ್ ನನ್ನ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಮುಟ್ಟಲಿಲ್ಲ. ಎದ್ದು ನಿಂತು ನಿನಗೆ ಬೈದೆ, ಅದೂ ನಿನ್ನ ಗೆಳತಿಯರ ಎದುರು. ತಪ್ಪು ನನ್ನದೇ ಮಗಾ.

ಆದರೆ ಪಾಲಿನ ಪಟ್ಟಿಯಲ್ಲಿ ಚೆನ್ನೆಮಣೆ ಯಾಕೆ ಬರೆದೆ?

ಗದ್ದೆ, ಬಾವಿ, ಅಡಿಕೆ ತೋಟ ಯಾವ ಮನೆಯ ಪಾಲಿನಲ್ಲೂ ಬರುತ್ತವೆ. ಚೆನ್ನೆಮಣೆ ನಮ್ಮ ಮನೆಯದು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಳು. ಆಟಿ ತಿಂಗಳಲ್ಲಿ ಮಳೆ ಬಿಡದೆ ಸುರಿಯುವಾಗ ಅಜ್ಜಿ ಅದನ್ನು ಹೊರಗೆ ತೆಗೆಯುತ್ತಿದ್ದರು. ಅಕ್ಕನ ಜೊತೆ ಒಂದಾಟ, ನನ್ನ ಜೊತೆ ಒಂದಾಟ. ನಾವಿಬ್ಬರು ಎದುರುಬದುರು ಕೂರುವ ಹಾಗಿರಲಿಲ್ಲ. ತುಳುವಿನ ಹಾಡುಗಥೆ ಸಿರಿ ಪಾಡ್ದನದಲ್ಲಿ ಬರುವ ಅಬ್ಬಗ ದಾರಗರ ಕಥೆ ನಿನಗೆ ಗೊತ್ತು. ಅವಳಿ ಮಕ್ಕಳು ಚೆನ್ನೆ ಆಡುತ್ತಾ ಜಗಳವಾಡಿದರು. ಒಬ್ಬಳು ಮಣೆಯಿಂದ ಹೊಡೆದಳು, ಇನ್ನೊಬ್ಬಳು ಸತ್ತಳು, ಹೊಡೆದವಳು ಬಾವಿಗೆ ಹಾರಿದಳು. ಅದಕ್ಕೇ ತುಳುನಾಡಿನಲ್ಲಿ ಅಕ್ಕತಂಗಿಯರು ಚೆನ್ನೆ ಆಡಬಾರದು ಅನ್ನುತ್ತಾರೆ.

ನಾವು ಆಡಿದೆವು. ಅಜ್ಜಿ ಮಧೂರಿಗೆ ಹೋದ ದಿನ, ಅಟ್ಟದಲ್ಲಿ. ನನಗೆ ಒಂಬತ್ತು, ಅಕ್ಕನಿಗೆ ಹನ್ನೆರಡು. ಅಕ್ಕ ಕಾಳನ್ನು ಮುಷ್ಟಿಯಲ್ಲಿ ಹಿಡಿದು ಗುಳಿಗಳನ್ನು ಕಣ್ಣಲ್ಲೇ ಎಣಿಸುತ್ತಿದ್ದಳು. ಮೂರನೇ ಗುಳಿಯಿಂದ ಎತ್ತಿದ್ದರೆ ನನ್ನ ಕಾಳೆಲ್ಲ ಅವಳಿಗೇ. ನನಗೂ ಅದು ಕಾಣುತ್ತಿತ್ತು. ಅವಳು ಐದನೆಯದರಿಂದ ಎತ್ತಿದಳು. ಮರುಸಲವೂ ಹಾಗೇ. ನನಗೆ ಬೇಕಂತಲೇ ಬಿಡುತ್ತಿದ್ದಳು. ಅಷ್ಟರಲ್ಲಿ ಅಜ್ಜಿ ಒದ್ದೆ ಸೀರೆಯಲ್ಲೇ ಮೇಲೆ ಬಂದರು. ಬೈಯಲಿಲ್ಲ. ಮಣೆ ಎತ್ತಿ ಮಗುಚಿದರು. ಕಾಳು ಹಲಗೆಯ ಸಂದಿನಿಂದ ಕೆಳಗೆ ಅಡಿಗೆಮನೆಗೆ ಟಪಟಪ ಬಿದ್ದವು. ದೀಪ ಹಚ್ಚುವ ಹೊತ್ತಿನವರೆಗೂ ಇಬ್ಬರೂ ಹೆಕ್ಕಿದೆವು. 55 ಸಿಕ್ಕಿತು. ಒಂದು ಸಿಗಲೇ ಇಲ್ಲ. ಆ ಆಟವೂ ಮುಗಿಯಲಿಲ್ಲ.

ಪಾಲಾದಾಗ ಮಣೆ ಅಕ್ಕನಿಗೆ ಹೋಯಿತು. ಕಾಳು ನನ್ನ ಹತ್ತಿರವೇ ಉಳಿಯಿತು, ದೇವರ ಕೋಣೆಯ ಡಬ್ಬಿಯಲ್ಲಿ. ನಿನ್ನೆ ಎಣಿಸಿದೆ. 55 ಇದೆ.

ಈಗ ನಿನ್ನ ಲೆಕ್ಕಕ್ಕೆ ಬರುತ್ತೇನೆ. ಎರಡು ದಾಳ ಬೀಳುವ ಬಗೆ 36. ನಿನ್ನ ನಿಯಮದಲ್ಲಿ ಒಟ್ಟು 10 ಅಥವಾ ಜಾಸ್ತಿ ಬಿದ್ದರೆ ಕೇಳಿದ್ದು ಸಿಗುತ್ತದೆ, ಅದು 6 ಬಗೆ. 7ರಿಂದ 9 ಬಿದ್ದರೆ ಸಿಗುತ್ತದೆ, ಆದರೆ ಏನಾದರೂ ಬಿಟ್ಟುಕೊಡಬೇಕು, ಅದು 15. ಉಳಿದ 15ರಲ್ಲಿ ಏನೂ ಸಿಗುವುದಿಲ್ಲ. ಪಾಲು ಅಂದರೆ ಹೀಗೇ ಇರುತ್ತದೆ, ಬಹಳ ಚೆನ್ನಾಗಿ ಹಿಡಿದಿದ್ದೀಯ. ಆದರೆ ಹಿರಿಯರಿಗೆ ಬಿದ್ದ ಮೊತ್ತದ ಮೇಲೆ ಒಂದು ಜಾಸ್ತಿ ಕೊಟ್ಟಿದ್ದೀಯ. ಒಂದೇ ಅಲ್ವಾ ಅನಿಸುತ್ತದೆ. ಆ ಒಂದರಿಂದ ಕೇಳಿದ್ದು ಸಿಗುವ ಬಗೆ 6 ಇದ್ದದ್ದು 10 ಆಗುತ್ತದೆ, ಬರಿಗೈ 15ರಿಂದ 10ಕ್ಕೆ ಇಳಿಯುತ್ತದೆ. ಜಾಸ್ತಿ ಕೊಟ್ಟದ್ದು ಸರಿಯೇ, ಹಿರಿಯರಿಗೆ ಅದು ಇರುತ್ತದೆ. ಆದರೆ ಆ ಒಂದನ್ನು ಕಿರಿಯರಿಗೆ ಬಿಟ್ಟುಕೊಡಲು ನಿನ್ನ ಪುಸ್ತಕದಲ್ಲಿ ದಾರಿಯೇ ಇಲ್ಲ. ಅಕ್ಕ ಐದನೇ ಗುಳಿಯಿಂದ ಎತ್ತಲು ಆಗುವುದಿಲ್ಲ. ಅದೊಂದು ನಿಯಮ ಸೇರಿಸು. ದಾಳ ಹಾಕುವ ಮೊದಲೇ ಕೊಡಬೇಕು ಅಂತ ಬರೆ. ಬಿದ್ದ ಮೇಲೆ ಕೊಡಬಹುದು ಅಂದರೆ ಎಲ್ಲರೂ ನೋಡಿಕೊಂಡೇ ಕೊಡುತ್ತಾರೆ. ಒಂಬತ್ತನೇ ಪುಟದಲ್ಲಿ "ಬೇಕಿದ್ದರೆ ಸಹಾಯ ಮಾಡಬಹುದು" ಅಂತ ಇದೆಯಲ್ಲ, ಅದೂ ಯಾವಾಗ ಅಂತ ಬರೆದಿಲ್ಲ.

ಇನ್ನೊಂದು. ಪುಸ್ತಕದ ಪ್ರತಿಗಳನ್ನು ಅಚ್ಚು ಹಾಕಿಸಲು ಉಳಿತಾಯದ ಹಣಕ್ಕೆ ಈಗಲೇ ಕೈ ಹಾಕಬೇಡ. ಗುರುತಿಲ್ಲದ ನಾಲ್ಕು ಜನರ ಕೈಗೆ ಪುಸ್ತಕ ಕೊಡು. ನೀನು ಮೂಲೆಯಲ್ಲಿ ಕೂತು ನೋಡು, ಬಾಯಿ ಬಿಡಬೇಡ. ಎಲ್ಲಿ ಪುಟ ಹಿಂದೆ ತಿರುಗಿಸುತ್ತಾರೋ ಅಲ್ಲಿ ನಿನ್ನ ವಾಕ್ಯ ಸರಿ ಇಲ್ಲ. ಇಷ್ಟು ವರ್ಷ ಲೆಕ್ಕದ ಪ್ರಶ್ನೆಪತ್ರಿಕೆ ಮಾಡಿದವಳು ಹೇಳುತ್ತಿದ್ದೇನೆ. ಮಕ್ಕಳು ಒಟ್ಟಿಗೆ ತಲೆ ಎತ್ತಿದರೆ ತಪ್ಪು ಪ್ರಶ್ನೆಯಲ್ಲೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ಕೂತು ಬರೆಯಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಪಕ್ಕದ ಮನೆಯವರು ಮಗಳು ಎಂಥ ಮಾಡುತ್ತಿದ್ದಾಳೆ ಅಂತ ಕೇಳಿದರು. ದಾಳ ಇಟ್ಟುಕೊಂಡು ಮಾಡುವ ತಾಳಮದ್ದಳೆ ಅಂದೆ. ಪ್ರಸಂಗ ಗೊತ್ತಿರುತ್ತದೆ, ಮಾತು ಮಾತ್ರ ಅಲ್ಲೇ ಹುಟ್ಟಬೇಕು. ವಾದ ಹದ ತಪ್ಪಿದರೆ ಭಾಗವತರು ಮುಂದಿನ ಪದ ಎತ್ತಿಬಿಡುತ್ತಾರೆ, ನಿನ್ನ ಕಾರ್ಡ್ ಮಾಡುವುದೂ ಅದನ್ನೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಅಷ್ಟು ಹೇಳಿದರೆ ಸಾಕು, ತಕ್ಷಣ ಅರ್ಥವಾಯಿತು. ಹೇಳುವಾಗ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ?

ಚೆನ್ನೆಮಣೆ ಪಟ್ಟಿಯಲ್ಲೇ ಇರಲಿ, ತೆಗೆಯಬೇಡ.

ದೊಡ್ಡಮ್ಮನ ನಂಬರ್ ನಿನ್ನ ಹತ್ತಿರ ಇದೆ ಅಂತ ನನಗೆ ಗೊತ್ತು. ಮಣೆ ಇನ್ನೂ ಇದೆಯಾ ಅಂತ ಒಮ್ಮೆ ಕೇಳು. ನಾನು ಕೇಳಿದೆ ಅಂತ ಹೇಳಬೇಡ. ಹೇಳಿದರೂ ಪರವಾಗಿಲ್ಲ.

ನಿನ್ನ
ಅಮ್ಮ