ರೇರಾ ಏಜೆಂಟರಿಗೆ ಕನ್ನಡದಲ್ಲಿ ಪರೀಕ್ಷೆ ಬೇಕು

ಸಂಪಾದಕರಿಗೆ,

ಮಾನ್ಯರೇ,

ನಾನು ಮೈಸೂರಿನಲ್ಲಿ ಸೈಟು, ಮನೆ ಕೊಡಿಸುವ ಕೆಲಸ ಮಾಡುವವಳು. ಅದಕ್ಕೂ ಮೊದಲು ಹನ್ನೊಂದು ವರ್ಷ ಎಲ್‌ಐಸಿ ಏಜೆಂಟ್ ಆಗಿದ್ದೆ. ಮೊದಲ ಪಾಲಿಸಿ ಮಾಡಿಸುವ ಮುಂಚೆಯೇ ತರಬೇತಿಗೆ ಹೋಗಬೇಕಿತ್ತು, ಪರೀಕ್ಷೆ ಪಾಸಾಗಬೇಕಿತ್ತು. ರಾತ್ರಿ ಮಕ್ಕಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಓದಿದ್ದು ಇನ್ನೂ ನೆನಪಿದೆ.

ನಾಲ್ಕು ವರ್ಷದ ಹಿಂದೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಏಜೆಂಟ್ ಆಗಿ ನೋಂದಣಿ ಮಾಡಿಸಲು ಹೊರಟಾಗಲೂ ಅಂಥದ್ದೇ ಏನೋ ಇರುತ್ತದೆ ಅಂದುಕೊಂಡಿದ್ದೆ. ಸೈಬರ್ ಸೆಂಟರಿನ ಹುಡುಗ ಪ್ಯಾನ್, ಆಧಾರ್, ಫೋಟೊ, ವಿಳಾಸದ ದಾಖಲೆ, ಆದಾಯ ತೆರಿಗೆ ರಿಟರ್ನ್ ಎಲ್ಲ ಸ್ಕ್ಯಾನ್ ಮಾಡಿ ಹಾಕಿದ. ವ್ಯಕ್ತಿಗೆ ಶುಲ್ಕ 25,000 ರೂಪಾಯಿ. ಕಟ್ಟಿದೆ, ಐದು ವರ್ಷಕ್ಕೆ ಪ್ರಮಾಣಪತ್ರ ಬಂತು. ಜಮೀನಿನ ಹಕ್ಕುದಾಖಲೆಯಾದ ಪಹಣಿ ಓದಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಆಗ ನನಗೆ ಸರಿಯಾಗಿ ಬರುತ್ತಿರಲಿಲ್ಲ.

ಅದರ ಪೆಟ್ಟು ಬಿದ್ದದ್ದು ನನ್ನನ್ನು ನಂಬಿ ಬಂದ ದಂಪತಿಗೆ. ನಿವೃತ್ತಿಯ ಹಣದಲ್ಲಿ ನಂಜನಗೂಡು ಕಡೆ ಒಂದು ಎಕರೆ ಕೊಳ್ಳಬೇಕೆಂದು ಬಂದಿದ್ದರು. ಗೋಡೆಯ ಮೇಲಿದ್ದ ಪ್ರಮಾಣಪತ್ರ ನೋಡಿ ಆಕೆ, ‘ರೇರಾ ಇದೆಯಲ್ಲಮ್ಮ, ಇನ್ನು ನಮಗೇನು ಭಯ’ ಎಂದರು. ಕೃಷಿ ಜಮೀನಿನ ವ್ಯವಹಾರಕ್ಕೂ ರೇರಾಗೂ ಸಂಬಂಧವಿಲ್ಲ ಎಂದು ಆ ಕ್ಷಣವೇ ಹೇಳಬೇಕಿತ್ತು, ಹೇಳಲಿಲ್ಲ. ಹದಿನೈದು ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದೆ, ಸಾಲ ಇರಲಿಲ್ಲ. ಈಗಿನ ಪಹಣಿಯಲ್ಲಿ ಮಾರುವವರ ಹೆಸರೇ ಇತ್ತು. ಎರಡು ಲಕ್ಷ ಮುಂಗಡ ಕೊಡಿಸಿದೆ.

ಉಪನೋಂದಣಿ ಕಚೇರಿಯ ಎದುರು ಪತ್ರ ಬರೆಯುವ ಹಿರಿಯರೊಬ್ಬರು ಕಾಗದಗಳನ್ನು ತಿರುವಿ ಹಾಕಿ, ‘ಕೈಬರಹದ ಹಳೇ ಪಹಣಿ ಎಲ್ಲಮ್ಮಾ?’ ಎಂದರು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ನಕಲು ತಂದುಕೊಟ್ಟೆ. ಹತ್ತನೇ ಕಾಲಮ್ಮಿನಲ್ಲಿ ಮಾಸಿದ ಶಾಯಿಯಲ್ಲಿದ್ದ ಒಂದು ಪದದ ಮೇಲೆ ಬೆರಳಿಟ್ಟರು: ದರಖಾಸ್ತು. ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಮಂಜೂರು ಮಾಡಿದ್ದ ಜಮೀನು ಅದು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬಂದ ಮೇಲೆ, ಸರ್ಕಾರದ ಅನುಮತಿ ಇಲ್ಲದೇ ಕೈ ಬದಲಾಗಿತ್ತು. ಅಂಥ ಕ್ರಯ ಊರ್ಜಿತವಲ್ಲ, ಜಮೀನು ಮೂಲ ಮಂಜೂರುದಾರರ ಕುಟುಂಬಕ್ಕೇ ಮರಳಬೇಕು. ಅದು ನ್ಯಾಯವೂ ಹೌದು. ಅವರ ಭೂಮಿಯನ್ನು ಮತ್ತೊಬ್ಬರಿಗೆ ದಾಟಿಸುವ ಕೆಲಸಕ್ಕೆ ನಾನು, ತಿಳಿಯದೆಯೇ, ಕೈ ಹಾಕಿದ್ದೆ.

ಮುಂಗಡ ವಾಪಸ್ ಬರಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳೂ ಆಕೆಯ ಫೋನ್ ಬಂದಾಗ ನನ್ನ ಕೈ ನಡುಗುತ್ತಿತ್ತು.

ಮಹಾರಾಷ್ಟ್ರದಲ್ಲಿರುವುದೂ ಇದೇ 2016ರ ಕೇಂದ್ರ ರೇರಾ ಕಾಯ್ದೆ. ಆದರೂ ಅಲ್ಲಿಯ ಪ್ರಾಧಿಕಾರ 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ ಕಡ್ಡಾಯ ಮಾಡಿತು. ನಮ್ಮ ಪ್ರಾಧಿಕಾರವೂ ಅದನ್ನು ಮಾಡಲಿ, ಕನ್ನಡದಲ್ಲಿ ಮಾಡಲಿ. ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ), 11ಇ ನಕ್ಷೆ (ಮಾರಾಟಕ್ಕೆ ಮುಂಚಿನ ಅಳತೆ ನಕ್ಷೆ), ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ), ಇ-ಖಾತೆ ಇವೆಲ್ಲ ನಮ್ಮ ರಾಜ್ಯದ ಕಾಗದಗಳು. ಇವನ್ನು ಬಿಟ್ಟು ಇಂಗ್ಲಿಷಿನಲ್ಲಿ ಕಾಯ್ದೆಯ ಸೆಕ್ಷನ್ ಮಾತ್ರ ಕೇಳಿದರೆ ತಿ. ನರಸೀಪುರದಲ್ಲೋ ಹುಣಸೂರಿನಲ್ಲೋ ಕೆಲಸ ಮಾಡುವವರಿಗೆ ಪ್ರಯೋಜನವಿಲ್ಲ.

ಇನ್ನೊಂದು ವಿಷಯ ಓದುಗರಿಗೆ. ಬ್ರೋಷರ್‌ನಲ್ಲಿ ರೇರಾ ನಂಬರ್ ಇದ್ದ ಮಾತ್ರಕ್ಕೆ ಲೇಔಟ್ ನೋಂದಣಿಯಾಗಿದೆ ಎಂದಲ್ಲ. ನಂಬರಿನ ನಡುವೆ ‘ಎಜಿ’ ಅಕ್ಷರಗಳಿದ್ದರೆ ಅದು ಏಜೆಂಟರದ್ದು; ಯೋಜನೆಯದಕ್ಕೆ ‘ಪಿಆರ್’ ಇರುತ್ತದೆ. ಏಜೆಂಟರ ನಂಬರನ್ನೇ ದೊಡ್ಡದಾಗಿ ಅಚ್ಚು ಹಾಕಿಸಿ ನೋಂದಣಿಯಾಗದ ಲೇಔಟಿನ ಸೈಟು ತೋರಿಸುವವರನ್ನು ಕಣ್ಣಾರೆ ಕಂಡಿದ್ದೇನೆ. ನೋಂದಣಿಯಾಗಬೇಕಾದ ಯೋಜನೆಯನ್ನು ಆಗದೆಯೇ ಮಾರಾಟ ಮಾಡಿಸುವ ಏಜೆಂಟರಿಗೆ ದಿನಕ್ಕೆ 10,000 ರೂಪಾಯಿಯಂತೆ, ಸೈಟಿನ ಬೆಲೆಯ ಶೇ 5ರವರೆಗೆ ದಂಡವಿದೆ. ನನ್ನ ಜೊತೆಯ ಎಷ್ಟೋ ಏಜೆಂಟರಿಗೆ ಇದು ಗೊತ್ತಿಲ್ಲ. ಎಲ್ಲರೂ ಮೋಸಗಾರರಲ್ಲ, ಹೇಳಿಕೊಟ್ಟವರೇ ಇಲ್ಲ.

25,000 ರೂಪಾಯಿ ಸಣ್ಣ ಊರಿನ ಏಜೆಂಟರಿಗೆ ದೊಡ್ಡ ಮೊತ್ತ. ಆ ಶುಲ್ಕದಲ್ಲೇ ನಾಲ್ಕು ದಿನದ ತರಬೇತಿಯನ್ನು ಜಿಲ್ಲಾ ಕೇಂದ್ರಗಳಲ್ಲಿ ಕೊಡಬಹುದು. ಪಾಠ ಹೇಳಲು ನಿವೃತ್ತ ಗ್ರಾಮ ಲೆಕ್ಕಿಗರು, ಸರ್ವೇಯರುಗಳು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ.

ನನ್ನ ನೋಂದಣಿಯ ಅವಧಿ ಬರುವ ವರ್ಷ ಮುಗಿಯುತ್ತದೆ. ಅಷ್ಟರೊಳಗೆ ಪರೀಕ್ಷೆ ಬಂದರೆ ಮೊದಲ ಬ್ಯಾಚಿನಲ್ಲೇ ಕೂತು ಬರೆಯುತ್ತೇನೆ.

— ನೋಂದಾಯಿತ ಏಜೆಂಟ್, ಕುವೆಂಪುನಗರ, ಮೈಸೂರು