ಶರಣಾಗತಿಯ ದಿನಚರಿ

ಕನ್ನಡದಲ್ಲಿ ‘ಶರಣು’ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ದೇವರ ಮುಂದೆ ಆಡಿದಾಗ ಅದು ‘ನನ್ನನ್ನು ನಿನಗೆ ಒಪ್ಪಿಸಿದ್ದೇನೆ’ ಎಂಬ ಅರ್ಥ ಕೊಡುತ್ತದೆ. ಎದುರಿಗೆ ಬಂದ ಮನುಷ್ಯನಿಗೆ ಕೈಮುಗಿದು ಆಡಿದಾಗ ಅದೇ ವಂದನೆಯಾಗುತ್ತದೆ. ಅರಬಿ ಭಾಷೆಯ ‘ಇಸ್ಲಾಂ’ ಮತ್ತು ‘ಸಲಾಂ’ ಎಂಬ ಪದಗಳ ನಂಟನ್ನು ಕನ್ನಡಿಗರಿಗೆ ವಿವರಿಸಬೇಕಾದಾಗಲೆಲ್ಲ ನನಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಕ್ಕಿಲ್ಲ. ಸೀನ್, ಲಾಮ್, ಮೀಮ್ ಎಂಬ ಮೂರು ಅಕ್ಷರಗಳ ಒಂದೇ ಧಾತುವಿನಿಂದ ಹುಟ್ಟಿದ ಇವುಗಳಲ್ಲಿ ಮೊದಲನೆಯದು ದೇವರಿಗೆ ತನ್ನನ್ನು ಒಪ್ಪಿಸಿಕೊಳ್ಳುವ ಕ್ರಿಯೆ, ಎರಡನೆಯದು ಒಬ್ಬರು ಇನ್ನೊಬ್ಬರಿಗೆ ಹಾರೈಸುವ ಶಾಂತಿ. ‘ಮುಸ್ಲಿಂ’ ಎಂಬ ಪದವೂ ಅದೇ ಧಾತುವಿನದು. ಒಪ್ಪಿಸಿಕೊಳ್ಳುತ್ತಿರುವವನು ಎಂಬುದೇ ಅದರ ಅರ್ಥ. ಒಪ್ಪಿಸಿಕೊಂಡು ಮುಗಿಸಿದವನು ಎಂದಲ್ಲ ಎಂಬುದನ್ನು ಗಮನಿಸಬೇಕು.

ಹಬ್ಬದ ಸಂಚಿಕೆಗಳಲ್ಲಿ ಶುಭಾಶಯ ಬರೆದು ಸುಮ್ಮನಾಗುವ ನಾನು, ಹಬ್ಬವಲ್ಲದ ದಿನಗಳಲ್ಲಿ ಈ ಧರ್ಮವು ನಂಬಿದವನಿಂದ ಏನನ್ನು ಕೇಳುತ್ತದೆ ಎಂಬುದನ್ನು ಈ ಬಾರಿ ಬರೆಯಬೇಕೆಂದುಕೊಂಡೆ. ನಾನೂ ನಂಬಿದವನೇ ಆದ್ದರಿಂದ, ಹೊರಗೆ ನಿಂತು ನೋಡಿದವರ ಮಾತು ಇದಲ್ಲ.

ದಿನವನ್ನು ಐದು ಕಡೆ ತಡೆದು ನಿಲ್ಲಿಸುವುದು ನಮಾಜು. ಬೆಳಕು ಹರಿಯುವಾಗ ಫಜ್ರ್, ಸೂರ್ಯನು ನೆತ್ತಿಯಿಂದ ವಾಲಿದ ಮೇಲೆ ಝುಹ್ರ್, ಮಧ್ಯಾಹ್ನ ಇಳಿದ ಮೇಲೆ ಅಸ್ರ್, ಸೂರ್ಯ ಮುಳುಗಿದೊಡನೆ ಮಗ್ರಿಬ್, ಕತ್ತಲು ಗಟ್ಟಿಯಾದ ಮೇಲೆ ಇಶಾ. ಇವುಗಳಲ್ಲಿ ನಿಂತು, ಬಾಗಿ, ಸಾಷ್ಟಾಂಗ ಎರಗುವ ಕಡ್ಡಾಯ ಸುತ್ತುಗಳಾದ ರಕಅತ್‌ಗಳು ಕ್ರಮವಾಗಿ 2, 4, 4, 3 ಮತ್ತು 4, ಒಟ್ಟು 17. ಪ್ರತಿ ರಕಅತ್‌ನಲ್ಲಿ ಪಠಿಸುವ ಫಾತಿಹಾ ಎಂಬ 7 ವಚನಗಳ ಅಧ್ಯಾಯದಲ್ಲಿ ‘ನಮ್ಮನ್ನು ನೇರವಾದ ಹಾದಿಯಲ್ಲಿ ನಡೆಸು’ ಎಂಬ ಬೇಡಿಕೆಯಿದೆ. ಮುಂಜಾನೆ ಕೇಳಿದ್ದನ್ನೇ ಮಧ್ಯಾಹ್ನ ಮತ್ತೆ ಏಕೆ ಕೇಳಬೇಕು ಎಂದು ಚಿಕ್ಕಂದಿನಲ್ಲಿ ನನಗೆ ಅನಿಸುತ್ತಿತ್ತು. ದುಡಿಯಲು ತೊಡಗಿದ ಮೇಲೆ ತಿಳಿಯಿತು: ಮುಂಜಾನೆಗೂ ಮಧ್ಯಾಹ್ನಕ್ಕೂ ನಡುವೆ ಮನುಷ್ಯನು ದಾರಿ ತಪ್ಪುವುದಕ್ಕೆ ಬೇಕಾದಷ್ಟು ಅವಕಾಶವಿದೆ. ಯಾರದೋ ಬೆನ್ನ ಹಿಂದೆ ಆಡಿದ ಮಾತು, ಗೊತ್ತಿದ್ದೂ ಮುಚ್ಚಿಟ್ಟ ದೋಷ, ಕೈಕೆಳಗಿನವರ ಮೇಲೆ ತೀರಿಸಿಕೊಂಡ ಸಿಟ್ಟು, ಇಷ್ಟೆಲ್ಲ ಒಂದೇ ಬೆಳಗಿನಲ್ಲಿ ನಡೆದುಹೋಗುತ್ತದೆ. ಆಮೇಲೆ ನಮಾಜಿಗೆ ಮುಂಚಿನ ಅಂಗಶುದ್ಧಿಯಾದ ವುಝೂ ಮಾಡಲೆಂದು ನೀರಿನ ಮುಂದೆ ನಿಂತು, ಕೈ ತೊಳೆದು, ಬಾಯಿ ಮುಕ್ಕಳಿಸುವಾಗ, ಆ ಬಾಯಿ ಏನನ್ನು ಆಡಿತು ಎಂಬುದು ನೆನಪಿಗೆ ಬಾರದೆ ಇರುವುದಿಲ್ಲ.

ಈ ನಿಯಮವು ಕಟ್ಟುನಿಟ್ಟಾದದ್ದು, ಆದರೆ ಕ್ರೂರವಾದದ್ದಲ್ಲ. ಪ್ರಯಾಣಿಕನಿಗೆ 4 ರಕಅತ್‌ಗಳ ನಮಾಜು 2ಕ್ಕೆ ಇಳಿಯುತ್ತದೆ. ನಿಲ್ಲಲಾಗದವನು ಕುಳಿತು, ಕುಳಿತುಕೊಳ್ಳಲಾಗದವನು ಮಲಗಿಯೇ ನಿರ್ವಹಿಸಬಹುದು. ನೀರು ಸಿಗದಿದ್ದರೆ ಶುದ್ಧವಾದ ಮಣ್ಣು ಸಾಕು. ಮರೆತೋ ನಿದ್ದೆಯಿಂದಲೋ ತಪ್ಪಿಹೋದದ್ದನ್ನು ನೆನಪಾದ ಕೂಡಲೇ ಪೂರೈಸಬಹುದು. ನಮಾಜು ಆರಂಭವಾಗುವುದು ‘ಅಲ್ಲಾಹು ಅಕ್ಬರ್’ ಎಂಬ ಮಾತಿನಿಂದ, ಅಂದರೆ ಲೋಕವನ್ನು ಬದಿಗಿಟ್ಟು ದೇವರ ಕಡೆಗೆ ತಿರುಗುವುದರಿಂದ. ಮುಗಿಯುವುದು ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ ಸಲಾಂ ಹೇಳುವುದರಿಂದ. ಹೀಗೆ ಒಪ್ಪಿಸಿಕೊಳ್ಳುವಿಕೆಯಿಂದ ಶಾಂತಿಯ ಹಾರೈಕೆಯವರೆಗಿನ ದಾರಿಯನ್ನು ನಮಾಜು ಕೆಲವೇ ನಿಮಿಷಗಳಲ್ಲಿ ನಡೆದು ತೋರಿಸುತ್ತದೆ. ಅಕ್ಕಪಕ್ಕದವರ ಕಡೆಗೆ ತಿರುಗದೆ ಎದ್ದುಹೋಗುವಂತಿಲ್ಲ.

ಆ ಕೊನೆಯ ಘಟ್ಟದಲ್ಲೇ ನಿಜವಾದ ಪರೀಕ್ಷೆಯಿರುವುದು ಎಂದು ನಾನು ಬಲವಾಗಿ ನಂಬಿದ್ದೇನೆ, ಮತ್ತು ಆ ನಂಬಿಕೆಯನ್ನು ನನಗೆ ಕೊಟ್ಟದ್ದು ಕುರ್‌ಆನೇ. ಅದರ 107ನೆಯ ಅಧ್ಯಾಯದಲ್ಲಿರುವುದು 7 ಸಣ್ಣ ವಚನಗಳು. ಅನಾಥನನ್ನು ತಳ್ಳುವವನೇ ಧರ್ಮವನ್ನು ಸುಳ್ಳೆನ್ನುವವನು ಎಂದು ಆರಂಭವಾಗುವ ಆ ಅಧ್ಯಾಯವು, ನಮಾಜಿನ ಬಗ್ಗೆ ಅಸಡ್ಡೆಯುಳ್ಳ, ತೋರಿಕೆಗಾಗಿ ನಮಾಜು ಮಾಡುವ, ದಿನಬಳಕೆಯ ಸಣ್ಣಪುಟ್ಟ ವಸ್ತುಗಳನ್ನೂ ನೆರೆಯವರಿಗೆ ಕೊಡದ ಜನರಿಗೆ ಕೇಡಿದೆ ಎಂದು ಮುಗಿಯುತ್ತದೆ. ಅನಾಥನ ಕಣ್ಣೀರು ಮತ್ತು ನೆರೆಯವನು ಕೇಳಿದ ಒಂದು ಪಾತ್ರೆ, ಇವೆರಡರ ನಡುವೆ ನಮಾಜನ್ನು ಇಟ್ಟಿರುವ ಆ ಜೋಡಣೆಯನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

114 ಅಧ್ಯಾಯಗಳ ಕುರ್‌ಆನಿನಲ್ಲಿ ಎಲ್ಲಕ್ಕಿಂತ ಉದ್ದವಾದ ವಚನ ಯಾವುದರ ಕುರಿತಾಗಿದೆ ಎಂದು ಕೇಳಿದರೆ, ಸ್ವರ್ಗದ ವರ್ಣನೆಯೋ ಅಂತ್ಯದಿನದ ಎಚ್ಚರಿಕೆಯೋ ಇರಬಹುದೆಂದು ಹೆಚ್ಚಿನವರು ಊಹಿಸುತ್ತಾರೆ. ಎರಡನೆಯ ಅಧ್ಯಾಯದ 282ನೆಯದಾದ ಆ ವಚನವು ಸಾಲಪತ್ರ ಬರೆಯುವುದನ್ನು ಕುರಿತದ್ದು. ಅವಧಿ ಗೊತ್ತುಪಡಿಸಿದ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಏನು ಬರೆಯಬೇಕೆಂದು ಹೇಳಬೇಕಾದವನು ಸಾಲ ಪಡೆದವನು, ಏಕೆಂದರೆ ಹೊಣೆ ಅವನ ಮೇಲಿದೆ, ಅವನು ಅಶಕ್ತನಾಗಿದ್ದರೆ ಅವನ ಪರವಾಗಿ ಪೋಷಕನು ಹೇಳಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು, ಬರೆದವನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದು. ಅದಕ್ಕೆ ಎರಡು ವಚನಗಳಷ್ಟು ಹಿಂದೆ, ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಅವನಿಗೆ ಸಮಯ ಕೊಡಿ, ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಎಂಬ ಮಾತಿದೆ. ಲೆಕ್ಕದ ಪುಸ್ತಕವನ್ನು ಧರ್ಮಗ್ರಂಥದ ಒಳಗೆ ತಂದಿಟ್ಟ ಈ ವಚನವನ್ನು ಇಸ್ಲಾಮಿನ ಹೃದಯಕ್ಕೆ ತೀರ ಹತ್ತಿರವಾದದ್ದೆಂದು ನಾನು ಭಾವಿಸುತ್ತೇನೆ. 83ನೆಯ ಅಧ್ಯಾಯವಂತೂ, ತಾವು ಪಡೆಯುವಾಗ ತುಂಬ ಅಳೆಸಿಕೊಂಡು ಇತರರಿಗೆ ಕೊಡುವಾಗ ಕಡಿಮೆ ಅಳೆಯುವವರನ್ನು ಶಪಿಸುವುದರಿಂದಲೇ ಆರಂಭವಾಗುತ್ತದೆ. ಅಂಗಡಿ ಇಲ್ಲದವರಿಗೂ ಇದು ಅನ್ವಯಿಸುತ್ತದೆ, ಏಕೆಂದರೆ ಸಂಬಳವನ್ನು ಪೂರ್ತಿ ಪಡೆದು ಕೆಲಸವನ್ನು ಅರೆಬರೆ ಮಾಡುವುದೂ ತೂಕದಲ್ಲಿ ಮಾಡುವ ಮೋಸವೇ ಆಗಿದೆ.

ಕಡ್ಡಾಯ ದಾನವಾದ ಝಕಾತ್ ಕುರಿತು ಬಹಳ ಹೇಳಬೇಕಾಗಿಲ್ಲ. ಸುಮಾರು 85 ಗ್ರಾಂ ಚಿನ್ನದ ಬೆಲೆಯಷ್ಟೋ ಅದಕ್ಕಿಂತ ಹೆಚ್ಚೋ ಉಳಿತಾಯವು ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ ಅದರಲ್ಲಿ ಶೇಕಡ 2.5 ಭಾಗವನ್ನು ಕೊಡಬೇಕು. ಗಮನಿಸಬೇಕಾದದ್ದು ಪದವನ್ನು: ಉಳ್ಳವರ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ‘ಹಕ್ಕು’ ಇದೆ ಎನ್ನುತ್ತದೆ ಕುರ್‌ಆನ್. ಹಕ್ಕನ್ನು ತಲುಪಿಸಿದವನು ಕೃತಜ್ಞತೆಯನ್ನು ನಿರೀಕ್ಷಿಸುವಂತಿಲ್ಲ. ರಮಝಾನಿನ ಉಪವಾಸದ ಮಾತೂ ಹಾಗೆಯೇ. ಸುಳ್ಳು ಮಾತನ್ನೂ ಸುಳ್ಳು ನಡತೆಯನ್ನೂ ಬಿಡದವನು ಅನ್ನ ನೀರು ಬಿಡುವುದು ದೇವರಿಗೆ ಬೇಕಾಗಿಲ್ಲ ಎಂದು ಪ್ರವಾದಿ ಮುಹಮ್ಮದರು ಹೇಳಿದ್ದಾರೆ.

ಆರಾಧನೆಯ ಹೊರಗೆ ಉಳಿಯುವ ದಿನದ ಬಹುಪಾಲು ಹೊತ್ತು ಏನಾಗಬೇಕು? ಇದಕ್ಕೆ ಉತ್ತರ ‘ನಿಯ್ಯತ್’ ಎಂಬ ಪದದಲ್ಲಿದೆ. ಕರ್ಮಗಳು ಸಂಕಲ್ಪವನ್ನು ಅವಲಂಬಿಸಿವೆ ಎಂಬ ಹದೀಸನ್ನು, ಅಂದರೆ ಪ್ರವಾದಿಯವರ ಮಾತನ್ನು, ಇಮಾಮ್ ಬುಖಾರಿಯವರು ತಮ್ಮ ಹದೀಸ್ ಸಂಗ್ರಹದ ಮೊದಲಿಗೇ ಇರಿಸಿದರು. ಸಂಸಾರ ಸಾಕಲು ದುಡಿಯುವುದು, ಹೆಂಡತಿಯ ಬಾಯಿಗೆ ತುತ್ತು ಇಡುವುದು, ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದು, ನಗುಮುಖದಿಂದ ಮಾತನಾಡಿಸುವುದು, ಇವೆಲ್ಲವೂ ಪುಣ್ಯದ ಲೆಕ್ಕಕ್ಕೆ ಸೇರುತ್ತವೆ ಎಂದು ಪ್ರವಾದಿಯವರು ಕಲಿಸಿದ್ದಾರೆ. ಹೀಗಾಗಿ ನಂಬಿದವನಿಗೆ ಲೌಕಿಕ ಬೇರೆ, ಧಾರ್ಮಿಕ ಬೇರೆ ಎಂಬ ಎರಡು ಕಪಾಟುಗಳಿಲ್ಲ.

ಇಲ್ಲಿ ಒಂದು ನೋವನ್ನು ಹೇಳಿಕೊಳ್ಳಬೇಕಾಗಿದೆ. ‘ನಾಳೆ ಇದನ್ನು ಮಾಡಿಯೇ ತೀರುತ್ತೇನೆ ಎನ್ನಬೇಡ, ದೇವನಿಚ್ಛಿಸಿದರೆ ಎಂದು ಸೇರಿಸು’ ಎಂಬ ಬೋಧನೆ 18ನೆಯ ಅಧ್ಯಾಯದಲ್ಲಿದೆ. ಮನುಷ್ಯನು ತನ್ನ ಮಿತಿಯನ್ನು ಒಪ್ಪಿಕೊಳ್ಳುವ ಆ ‘ಇನ್‌ಶಾ ಅಲ್ಲಾಹ್’ ಎಂಬ ಮಾತನ್ನು, ಮಾಡುವ ಮನಸ್ಸಿಲ್ಲದ ಕೆಲಸದಿಂದ ನುಣುಚಿಕೊಳ್ಳಲು ನಮ್ಮಲ್ಲಿ ಹಲವರು ಬಳಸುತ್ತೇವೆ. ದೇವರ ಹೆಸರನ್ನು ಸೇರಿಸಿ ಕೊಟ್ಟ ಮಾತು ಇನ್ನಷ್ಟು ಗಟ್ಟಿಯಾಗಬೇಕಿತ್ತಲ್ಲವೇ? ಒಂಟೆಯನ್ನು ಕಟ್ಟಿ, ಆಮೇಲೆ ದೇವರ ಮೇಲೆ ಭಾರ ಹಾಕು ಎಂದು ಹೇಳಿದ ಪ್ರವಾದಿಯ ಅನುಯಾಯಿಗಳು ನಾವು.

ದೇವರಿಗೆ ಸಲ್ಲಬೇಕಾದದ್ದರಲ್ಲಿ ಕೊರತೆಯಾದರೆ ಆತನು ಕ್ಷಮಾಶೀಲನು. ಮನುಷ್ಯರಿಗೆ ಸಲ್ಲಬೇಕಾದದ್ದನ್ನು ಆ ಮನುಷ್ಯರೇ ಬಿಟ್ಟುಕೊಡಬೇಕು. ಮನುಷ್ಯರಿಗೆ ಸಲ್ಲಬೇಕಾದ ಈ ಹಕ್ಕನ್ನು ‘ಹಕ್ಕುಲ್ ಇಬಾದ್’ ಎನ್ನುತ್ತಾರೆ. ನಿಜವಾದ ದಿವಾಳಿ ಯಾರು ಎಂದು ಪ್ರವಾದಿಯವರು ಒಮ್ಮೆ ಸಂಗಾತಿಗಳನ್ನು ಕೇಳಿ, ತಾವೇ ಉತ್ತರಿಸಿದರು: ನಮಾಜು, ಉಪವಾಸ, ಝಕಾತ್‌ಗಳನ್ನೆಲ್ಲ ಹೊತ್ತುಕೊಂಡು ಅಂತ್ಯದಿನದಲ್ಲಿ ಬಂದರೂ, ಒಬ್ಬನನ್ನು ಬೈದು, ಇನ್ನೊಬ್ಬನ ಮೇಲೆ ಅಪವಾದ ಹೊರಿಸಿ, ಮತ್ತೊಬ್ಬನ ಸೊತ್ತನ್ನು ನುಂಗಿದವನು; ಅವನ ಪುಣ್ಯವೆಲ್ಲ ಅವರಿಗೆ ಹಂಚಿಹೋಗಿ, ಅದೂ ಸಾಲದೆ ಅವರ ಪಾಪಗಳು ಅವನ ತಲೆಗೆ ಬರುತ್ತವೆ.

ಮದೀನಾದಲ್ಲಿ ಒಬ್ಬರ ಶವವನ್ನು ಅಂತಿಮ ನಮಾಜಿಗಾಗಿ ತಂದಿದ್ದರು. ಇವರ ಮೇಲೆ ಸಾಲವಿದೆಯೇ ಎಂದು ಪ್ರವಾದಿಯವರು ಕೇಳಿದರು. ಇದೆ, ತೀರಿಸಲು ಏನೂ ಬಿಟ್ಟುಹೋಗಿಲ್ಲ ಎಂಬ ಉತ್ತರ ಬಂತು. ಹಾಗಾದರೆ ನಿಮ್ಮ ಸಂಗಾತಿಯ ನಮಾಜನ್ನು ನೀವೇ ನಿರ್ವಹಿಸಿ ಎಂದು ಅವರು ಹಿಂದೆ ಸರಿದರು. ಆಗ ಅಬೂ ಕತಾದಾ ಎಂಬವರು, ಆ ಸಾಲ ಇನ್ನು ನನ್ನದು ಎಂದರು. ಆಮೇಲೆ ಪ್ರವಾದಿಯವರು ಮುಂದೆ ಬಂದು ನಮಾಜು ನಡೆಸಿಕೊಟ್ಟರು. ಮುಂದೆ ಕೈಯಲ್ಲಿ ಅನುಕೂಲ ಒದಗಿದ ದಿನಗಳಲ್ಲಿ, ಸಾಲ ಬಿಟ್ಟು ಸತ್ತವರ ಸಾಲವನ್ನು ತೀರಿಸುವ ಹೊಣೆ ತಮ್ಮದೆಂದೂ, ಅವರು ಬಿಟ್ಟುಹೋದ ಆಸ್ತಿ ಅವರ ವಾರಸುದಾರರದೆಂದೂ ಅವರು ಸಾರಿದರು.