ಹಂಪಿ ಕತೆ ಬರೆಯುವವರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಹಂಪಿ ಹಿನ್ನೆಲೆಯ ಕತೆಗಳ ಕರಡು ಒಂದೊಂದಾಗಿ ಬರುತ್ತಿವೆ, ಖುಷಿ. ಇನ್ನು ಕಳಿಸುವವರು ಮೊದಲ ಸಾಲಿನಲ್ಲೇ ಕತೆ ನಡೆಯುವ ವರ್ಷ ಹಾಕಿ. ಸುಮ್ನೆ ‘ವಿಜಯನಗರ ಕಾಲ’ ಅಂದರೆ ಸಾಲದು, ಅದು ಇನ್ನೂರು ವರ್ಷಕ್ಕೂ ಜಾಸ್ತಿ ಅಲ್ವಾ?

1520 ಅಂತ ಇಟ್ಟುಕೊಳ್ಳಿ. ಕೃಷ್ಣದೇವರಾಯ ಇದ್ದಾನೆ. ಪೋರ್ಚುಗೀಸ್ ಪ್ರವಾಸಿ ಪಾಯಸ್ ಊರು ಸುತ್ತಿದ್ದೂ ಹೆಚ್ಚುಕಡಿಮೆ ಆಗಲೇ. ಆದರೆ ಅಚ್ಯುತರಾಯ ದೇವಸ್ಥಾನ ಇನ್ನೂ ಎದ್ದಿಲ್ಲ, ಅದು 1534ರದು. ದಯವಿಟ್ಟು ಪ್ರೇಮಿಗಳನ್ನು ಅದರ ಮಂಟಪದಲ್ಲಿ ಕೂರಿಸಬೇಡಿ! ಕಲ್ಲಿನ ರಥವನ್ನು ನೋಟಿನ ಮೇಲಿನ ಚಿತ್ರ ನೋಡಿ ವರ್ಣಿಸಬೇಡಿ. ಹಿಂದೆ ಅದರ ಮೇಲೆ ಇಟ್ಟಿಗೆ ಗೋಪುರ ಇತ್ತು, 1856ರಲ್ಲಿ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಕಾಣುತ್ತದೆ. ‘ಕಮಲ ಮಹಲ್’, ‘ರಾಣಿಯ ಸ್ನಾನಗೃಹ’ ಎಲ್ಲಾ ಆಮೇಲಿನವರು ಇಟ್ಟ ಹೆಸರು, ಪಾತ್ರಗಳ ಬಾಯಲ್ಲಿ ಬೇಡ.

ಅಡುಗೆಗೆ ಟೊಮೆಟೊ, ಆಲೂಗಡ್ಡೆ ಬೇಡ. ಖಾರಕ್ಕೆ ಕಾಳುಮೆಣಸು ಇದೆಯಲ್ಲ. ಬೀದಿಯಲ್ಲಿ ಗುಲಾಬಿಯನ್ನು ಮಾತ್ರ ಎಷ್ಟು ಬೇಕಾದರೂ ಮಾರಿಸಿ, 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಕಂಡು ಬರೆದಿದ್ದಾನೆ.

ಎಲ್ಲಿ ಊಹಿಸಿದ್ದೀರಿ ಅಂತ ಕತೆಯ ಕೆಳಗೆ ಎರಡು ಸಾಲು ಬರೆಯಿರಿ. ಕರಡು ಭಾನುವಾರದೊಳಗೆ ಇಲ್ಲೇ ಹಾಕಿ. ವಾಯ್ಸ್ ಮೆಸೇಜ್ ಬೇಡ, ಟೈಪ್ ಮಾಡಿ.